ಜೇನು ಕೋಣೆ ಖಾಲಿ ಮಾಡುವ ಹಲಗೆ: ಹೊಸ ಸಾಕಣೆದಾರರಿಗೆ ಕಿವಿಮಾತು

ಕುಷ್ಟಗಿ, ಯಲಬುರ್ಗಾ ಕಡೆಯ ದಾಳಿಂಬೆ ತೋಟದಲ್ಲೋ ಕೊಪ್ಪಳದ ಸೂರ್ಯಕಾಂತಿ ಹೊಲದ ಬದುವಿನಲ್ಲೋ ಪೆಟ್ಟಿಗೆ ಇಟ್ಟ ಹುಡುಗರು ಮೊದಲ ಸಲ ತುಪ್ಪ ತೆಗೆಯುವಾಗ ಹೊಗೆ ಹಾಕಿದ್ದೇ ಹಾಕಿದ್ದು. ನೊಣ ಕೆರಳುತ್ತವೆ, ತುಪ್ಪಕ್ಕೂ ಹೊಗೆವಾಸನೆ ಹತ್ತುತ್ತದೆ. ಅವು ತಾವಾಗಿಯೇ ಇಳಿದು ಹೋಗುವ ಹಲಗೆಯನ್ನು ಮನೆಯಲ್ಲೇ ಮಾಡಿಕೊಳ್ಳಬಹುದು.

• ತುಡುವೆಯ ಪೆಟ್ಟಿಗೆ ಬೇರೆ, ಮೆಲ್ಲಿಫೆರಾದ್ದು ಬೇರೆ. ಬಡಿಗನ ಹತ್ತಿರ ಖಾಲಿ ಕೋಣೆಯನ್ನೇ ಹೊತ್ತುಕೊಂಡು ಹೋಗಿ, ಅದರ ಹೊರ ಅಳತೆಗೆ ಪ್ಲೈವುಡ್ ಕೊಯ್ಯಿಸಿ. ಸುತ್ತಲೂ ಮೇಲೆ 8 ಮಿ.ಮೀ., ಕೆಳಗೆ ಒಂದೂವರೆ ಇಂಚಿನ ಪಟ್ಟಿ ಹೊಡೆಸಿ.

• ಹಲಗೆಗೆ ಒಂದಿಂಚಿನ ಎರಡು ತೂತು ಸಾಕು. ಕಿಟಕಿಗೆ ಹಾಕುವ ಲೋಹದ ಸೊಳ್ಳೆ ಜಾಲರಿಯನ್ನು ಕತ್ತರಿಸಿ, ಆಲಿಕೆಯಂತೆ ಸುತ್ತಿ, ತೂತಿನ ಕೆಳಮೈಗೆ ಸಣ್ಣ ಮೊಳೆಯಿಂದ ಕೂರಿಸಿ. ಎತ್ತರ ಒಂದಿಂಚು ಇರಲಿ, ತುದಿಯಲ್ಲಿ ಪೆನ್ಸಿಲ್ ಸಲೀಸಾಗಿ ತೂರಬೇಕು. ಕತ್ತರಿಸಿದ ತಂತಿ ಎಳೆಗಳನ್ನು ಹೊರಕ್ಕೆ ಮಡಚಿ, ಇಲ್ಲದಿದ್ದರೆ ರೆಕ್ಕೆ ಹರಿಯುತ್ತದೆ. ನೈಲಾನ್ ಜಾಲರಿ ಬೇಡ, ಆಕಾರ ನಿಲ್ಲುವುದಿಲ್ಲ. ಇಳಿದ ನೊಣ ವಾಪಸು ಬರಲು ನೋಡುತ್ತದೆ. ಆದರೆ ವಾಸನೆ ಹಿಡಿದು ಆಲಿಕೆಯ ಬುಡದ ಸುತ್ತ ಅಲೆಯುತ್ತದೆಯೇ ಹೊರತು ತುದಿಯ ಬಾಯಿ ಅದಕ್ಕೆ ಸಿಗುವುದಿಲ್ಲ.

• ಇದೇ ಕೆಲಸಕ್ಕೆ ಅಮೆರಿಕದ ಪೋರ್ಟರ್ 1891ರಲ್ಲಿ ಮಾಡಿದ ಸ್ಪ್ರಿಂಗ್ ಕಿಂಡಿ ಇಂದಿಗೂ ಮಾರಾಟದಲ್ಲಿದೆ. ಒಂದು ಗಂಡು ನೊಣ ಸಿಕ್ಕಿಕೊಂಡರೆ ದಾರಿಯೇ ಬಂದ್. ನನಗೆ ಜಾಲರಿಯೇ ಮೇಲು.

• ಜೋಡಿಸುವ ಕ್ರಮ ಕೆಳಗಿನಿಂದ: ಸಂಸಾರ ಕೋಣೆ, ಖಾಲಿ ಜೇನು ಕೋಣೆ, ಹಲಗೆ, ತುಂಬಿದ ಕೋಣೆ. ನಡುವಿನ ಖಾಲಿ ಕೋಣೆ ಬಿಟ್ಟರೆ ಇಳಿದವಕ್ಕೆ ಜಾಗವಿಲ್ಲದೆ ಬಾಗಿಲ ಹೊರಗೆ ಜೋತು ಬೀಳುತ್ತವೆ.

• ಮೇಲಿನ ಎರಿಗಳಲ್ಲಿ ಮೊಟ್ಟೆ, ಮರಿ ಇದ್ದರೆ ಹಲಗೆ ಏನೂ ಮಾಡದು. ಮರಿ ಬಿಟ್ಟು ನೊಣ ಕದಲುವುದಿಲ್ಲ. ರಾಣಿ ಮೇಲಿದ್ದರಂತೂ ಕೇಳಲೇಬೇಡಿ.

• ನಮ್ಮ ಒಣಗಾಳಿಗೆ ಪೆಟ್ಟಿಗೆಯ ಮರ ಸೀಳುತ್ತದೆ. ಕಾವಲಿಲ್ಲದ ತುಪ್ಪಕ್ಕೆ ಪಕ್ಕದ ಪೆಟ್ಟಿಗೆಯ ನೊಣ, ಇರುವೆ ಎರಡೂ ನುಗ್ಗುತ್ತವೆ. ಬಿರುಕಿಗೆಲ್ಲ ಟೇಪ್ ಹಚ್ಚಿ. ಸೆಗಣಿ ಮೆತ್ತಿದರೂ ನಡೆದೀತು.

• ಇಳಿಹೊತ್ತಿಗೆ ಹಲಗೆ ಇಡಿ. ರಾತ್ರಿ ತಂಪಿಗೆ ನೊಣ ಮರಿಗಳ ಕಡೆ ಇಳಿಯುತ್ತವೆ. ಮರುದಿನ ಸಂಜೆ ನೋಡಿ, ಉಳಿದಿದ್ದರೆ ಮೂರನೇ ಬೆಳಗ್ಗೆ ತೆಗೆಯಿರಿ, ಅದಕ್ಕಿಂತ ಮುಂದೆ ಹಾಕಬೇಡಿ. ಏಪ್ರಿಲ್, ಮೇನಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ರೆಕ್ಕೆ ಬೀಸಿ ಎರಿ ತಂಪಾಗಿಡುವ ನೊಣಗಳೇ ಕೆಳಗಿಳಿದಿರುತ್ತವೆ. ಮೇಣ ಕರಗುವುದು 62 ಡಿಗ್ರಿಯ ಆಚೆ ನಿಜ, ಆದರೆ ಮೆತ್ತಗಾದ ತುಂಬು ಎರಿ ಬಹಳ ಮುಂಚೆಯೇ ಕುಸಿಯುತ್ತದೆ. ಪೆಟ್ಟಿಗೆ ಮೇಲೆ ಜೋಳದ ಕಣಿಕೆ ಹಾಸಿ. ಗಂಗಾವತಿಯವರಿಗೆ ಭತ್ತದ ಹುಲ್ಲಿಗೇನು ಬರ?

• ಫಿನಾಯಿಲ್ ಬಟ್ಟೆ ಹಾಸಿ ಓಡಿಸುವ ಸಲಹೆ ಯಾರಾದರೂ ಕೊಟ್ಟರೆ ಕಿವಿಗೆ ಹಾಕಿಕೊಳ್ಳಬೇಡಿ. ಆ ತುಪ್ಪ ತಿನ್ನಲು ಬಾರದು.

• ಉಳಿದ ನಾಲ್ಕಾರು ನೊಣಗಳನ್ನು ಒದ್ದೆ ಮಾಡಿದ ಗರಿಯಿಂದ ಬಾಗಿಲ ಮುಂದೆಯೇ ಒರೆಸಿ ಬಿಡಿ, ಕೋಣೆಯನ್ನು ಕೂಡಲೇ ಬಟ್ಟೆ ಮುಚ್ಚಿ ಮನೆಯೊಳಗೆ ಒಯ್ಯಿರಿ.