ಸಾರ್ವಜನಿಕ ಗ್ರಂಥಾಲಯದಲ್ಲಿ ಗ್ರಂಥಗಳ ಆಯ್ಕೆ ಮತ್ತು ಪಾಲನೆ

ಚಿತ್ತಾಪುರದ ಸಮೀಪದ ನಾಗಾವಿಯಲ್ಲಿ ಕ್ರಿ.ಶ. 1058ರ ಶಾಸನವೊಂದಿದೆ. ಅಲ್ಲಿನ ಘಟಿಕಾಸ್ಥಾನಕ್ಕೆ ಬಿಟ್ಟ ದತ್ತಿಯ ವಿವರದಲ್ಲಿ ಉಪಾಧ್ಯಾಯರೊಡನೆ ಆರು ಮಂದಿ ಸರಸ್ವತೀ ಭಂಡಾರಿಗರ ಉಲ್ಲೇಖ ದೊರೆಯುತ್ತದೆ. ಸರಸ್ವತೀ ಭಂಡಾರವೆಂದರೆ ಗ್ರಂಥಗಳ ಭಂಡಾರ. ಭಂಡಾರಿಗನೆಂದರೆ ಅದರ ಪಾಲಕ. ಓಲೆಗರಿಯ ಕಟ್ಟುಗಳನ್ನು ಒಂದೆಡೆ ಪೇರಿಸಿದ ಮಾತ್ರಕ್ಕೆ ಅದು ಭಂಡಾರವಾಗದು, ಬಲ್ಲವರು ಅದನ್ನು ನೋಡಿಕೊಳ್ಳಬೇಕೆಂಬ ಅರಿವು ನಮ್ಮ ನಾಡಿನಲ್ಲಿ ಒಂಬತ್ತು ಶತಮಾನಗಳಿಗೂ ಹಿಂದೆಯೇ ಇದ್ದಿತು.

ಇಂದಿನ ಭಂಡಾರವು ಶಾಸನದ ಬದಲು ಶಾಸನಸಭೆಯ ಕಾಯಿದೆಯಿಂದ ನಡೆಯುತ್ತದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯು 1966ರ ನವೆಂಬರ್ 1ರಿಂದ ಜಾರಿಗೆ ಬಂದಿತು. ಸ್ಥಳೀಯ ಸಂಸ್ಥೆಗಳ ತೆರಿಗೆಯ ಮೇಲೆ ಗ್ರಂಥಾಲಯ ಕರವನ್ನು ವಿಧಿಸುವ ವ್ಯವಸ್ಥೆ ಅದರಲ್ಲಿದೆ. ಅರಸೀಕೆರೆಯಲ್ಲಿ ಮನೆಗಂದಾಯ ಕಟ್ಟುವ ಗೃಹಸ್ಥನು, ತಾನು ಎಂದೂ ಗ್ರಂಥಾಲಯದ ಮೆಟ್ಟಿಲು ಹತ್ತದಿದ್ದರೂ, ಅಲ್ಲಿನ ಪುಸ್ತಕಗಳಿಗೆ ಹಣ ತೆತ್ತವನೇ ಆಗಿದ್ದಾನೆ. ಆದುದರಿಂದ ಯಾವ ಪುಸ್ತಕ ಬರಬೇಕು, ಯಾವುದು ಹೋಗಬೇಕು ಎಂಬುದು ಊರಿನವರೆಲ್ಲರಿಗೂ ಸಂಬಂಧಿಸಿದ ವಿಷಯ.

ಪುಸ್ತಕಗಳ ಬಹುಭಾಗ ಸಗಟು ಖರೀದಿಯಿಂದ ಬರುತ್ತದೆ. ರಾಜ್ಯಮಟ್ಟದ ಆಯ್ಕೆ ಸಮಿತಿಯು ಪ್ರಕಾಶಕರಿಂದ ಬಂದ ಪುಸ್ತಕಗಳನ್ನು ಪರಿಶೀಲಿಸಿ ಪಟ್ಟಿ ಸಿದ್ಧಪಡಿಸುತ್ತದೆ. ಪುಟದ ಲೆಕ್ಕದಲ್ಲಿ ಬೆಲೆ ನಿಗದಿಯಾಗುತ್ತದೆ. (ಪುಟಗಳನ್ನು ಎಣಿಸುವುದು ಸುಲಭ, ಸಾರವನ್ನು ತೂಗುವುದು ಕಷ್ಟ.) ಈ ಕ್ರಮದಿಂದ ಕನ್ನಡದ ಬರಹಗಾರರಿಗೂ ಪ್ರಕಾಶಕರಿಗೂ ಆದ ಉಪಕಾರ ಸಣ್ಣದಲ್ಲ. ಆದರೆ ರಾಜಧಾನಿಯಲ್ಲಿ ಸಿದ್ಧವಾದ ಪಟ್ಟಿಗೆ ಊರಿನ ಮುಖ ಕಾಣದು. ಅರಸೀಕೆರೆಯ ಓದುಗನು ತೆಂಗಿನ ತೋಟದವನು. ಬೇಲೂರಿನವನಿಗೆ ಕಾಫಿಯ ವಿಚಾರ ಬೇಕು. ಹಳೇಬೀಡಿನಲ್ಲಿ ಪ್ರವಾಸಿಗರಿಗೆ ದೇವಾಲಯವನ್ನು ವಿವರಿಸುವ ಯುವಕನಿಗೆ ಹೊಯ್ಸಳ ಶಿಲ್ಪದ ಪ್ರಮಾಣಗ್ರಂಥ ಬೇಕು. ಇದನ್ನು ಬಲ್ಲವನು ಸ್ಥಳೀಯ ಗ್ರಂಥಪಾಲಕನೊಬ್ಬನೇ. ಓದುಗರು ಕೇಳಿ ದೊರೆಯದೆ ಹೋದ ಪುಸ್ತಕಗಳನ್ನು ಅವನು ಒಂದು ವಹಿಯಲ್ಲಿ ಬರೆದಿಡುವುದಾದರೆ, ಮುಂದಿನ ಖರೀದಿಗೆ ಅದಕ್ಕಿಂತ ಉತ್ತಮವಾದ ಆಧಾರ ಬೇರೊಂದಿಲ್ಲ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗವಾದ ಮೇಲೆ, ಹಳ್ಳಿಯವರು ತಮಗೆ ಬೇಕಾದ ಪುಸ್ತಕವನ್ನು ಪಂಚಾಯಿತಿಯಲ್ಲಿಯೇ ಕೇಳಬಹುದಾಗಿದೆ.

ಬಂದ ಪುಸ್ತಕಕ್ಕೆ ಪರಿಗ್ರಹಣ ಸಂಖ್ಯೆ ಕೊಟ್ಟು ವಹಿಯಲ್ಲಿ ದಾಖಲಿಸುತ್ತಾರೆ. ಬಳಿಕ ವಿಷಯಾನುಸಾರ ವರ್ಗೀಕರಣ. ಡ್ಯೂಯಿಯ ದಶಮಾಂಶ ಪದ್ಧತಿಯಲ್ಲಿ ಕಾಫಿಗೆ 633.73, ತೆಂಗಿಗೆ 634.61. ಬೇಲೂರೂ ಅರಸೀಕೆರೆಯೂ ಕಪಾಟಿನಲ್ಲಿ ಹೀಗೆ ನೆರೆಹೊರೆಯಾಗುತ್ತವೆ.

ಕಠಿನವಾದ ಕೆಲಸವೆಂದರೆ ಪುಸ್ತಕವನ್ನು ಹೊರತೆಗೆಯುವುದು. ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಕೊನೆಯದು ಗ್ರಂಥಾಲಯವನ್ನು ಬೆಳೆಯುವ ಶರೀರವೆಂದು ಬಗೆಯುತ್ತದೆ. ಬೆಳೆಯುವ ಶರೀರವು ಕೆಲವನ್ನು ವಿಸರ್ಜಿಸಲೇಬೇಕು. ಗೋಡೆ ಕಪಾಟುಗಳು ಹಿಗ್ಗುವುದಿಲ್ಲವಷ್ಟೆ. ಆದರೆ ಹಳೆಯದೆಂಬುದೊಂದೇ ಕಾರಣವಾಗಬಾರದು. ತೆಂಗಿನ ನುಸಿ ಪೀಡೆಯು 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡು ಅನಂತರ ನಮ್ಮ ತೋಟಗಳಿಗೂ ಹಬ್ಬಿತು. ಅದಕ್ಕೆ ಮುಂಚಿನ ಕೈಪಿಡಿಯಲ್ಲಿ ಆ ಪೀಡೆಯ ಹೆಸರೇ ಇರದು. ಅದನ್ನು ನಂಬಿದ ರೈತನು ಕಾಯಿ ಕಳೆದುಕೊಳ್ಳುತ್ತಾನೆ. ಅಂತಹುದು ಕಪಾಟಿನಿಂದ ಇಳಿಯಲಿ. ಬೇಲೂರಿನ ಕೇಶವ ದೇವಾಲಯವನ್ನು ಕುರಿತು ಆರ್. ನರಸಿಂಹಾಚಾರ್ಯರು 1919ರಲ್ಲಿ ಹೊರತಂದ ಗ್ರಂಥವು ಇದಕ್ಕಿಂತ ಎಷ್ಟೋ ಹಳೆಯದು. ಆದರೂ ಅಂದಿನ ದೇವಾಲಯವನ್ನು ಕಣ್ಣಾರೆ ಕಂಡವರ ಸಾಕ್ಷ್ಯ ಅದು. ಐದು ವರ್ಷ ಯಾರೂ ಎರವಲು ಪಡೆಯಲಿಲ್ಲವೆಂದು ಅದನ್ನು ರದ್ದಿಯವನಿಗೆ ತೂಗಿಕೊಡುವುದು ಅವಿವೇಕ.

ಶಾಸನಸಂಪುಟಗಳ ವಿಷಯ ಇನ್ನೂ ಸೂಕ್ಷ್ಮವಾದುದು. ಬಿ.ಎಲ್. ರೈಸರ ಹಾಸನ ಜಿಲ್ಲೆಯ ಶಾಸನಸಂಪುಟ 1902ರದು. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನ, ಕ್ರಿ.ಶ. ಸುಮಾರು 450ರದೆಂದು ಪ್ರಸಿದ್ಧವಾದುದು, ಅದರಲ್ಲಿಲ್ಲ, ಏಕೆಂದರೆ ಡಾ. ಎಂ.ಎಚ್. ಕೃಷ್ಣ ಅವರು ಅದನ್ನು ಬೆಳಕಿಗೆ ತಂದುದು 1936ರಲ್ಲಿ. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯಲ್ಲಿ ಬೇಲೂರಿಗೂ ಅರಸೀಕೆರೆಗೂ ಪ್ರತ್ಯೇಕ ಸಂಪುಟಗಳಾಗಿವೆ. ಹೊಸತು ಬಂದಿತೆಂದು ರೈಸರನ್ನು ಕಳೆದರೆ ಶತಮಾನದ ಹಿಂದಿನ ಪಾಠ ತಪ್ಪುತ್ತದೆ. ರೈಸರೊಬ್ಬರೇ ಸಾಕೆಂದರೆ ಹಲ್ಮಿಡಿಯೇ ತಪ್ಪುತ್ತದೆ. ಎರಡನ್ನೂ ಉಳಿಸಿಕೊಳ್ಳತಕ್ಕದ್ದು.

ಹಲ್ಮಿಡಿಯಲ್ಲಿ ಇಂದು ನಿಂತಿರುವುದು ಪ್ರತಿಕೃತಿ. ಮೂಲಶಿಲೆ ಊರು ಬಿಟ್ಟು ಹೋಗಿದೆ. ಆ ಊರಿನ ವಿದ್ಯಾರ್ಥಿಯು ತನ್ನ ಊರಿನ ಶಾಸನದ ಪಾಠವನ್ನು ಓದಬಯಸಿದರೆ ಅವನಿಗೆ ಸಮೀಪದ ಆಸರೆ ಬೇಲೂರಿನ ಗ್ರಂಥಾಲಯ. ಇಂತಹ ಸಂಪುಟವನ್ನು ಮನೆಗೆ ಎರವಲು ಕೊಡದೆ ಪರಾಮರ್ಶನ ವಿಭಾಗದಲ್ಲಿರಿಸಬೇಕು. ರಟ್ಟು ಸಡಿಲವಾದಾಗ ಹೊಲಿಸಿ, ಗೆದ್ದಲು ಹುಳುವಿನ ಕಾಟವನ್ನು ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಬೇಕು. ಸಾಧ್ಯವಿದ್ದಲ್ಲಿ ಎರಡನೆಯ ಪ್ರತಿಯನ್ನು ಕೊಂಡು ಅರಸೀಕೆರೆಯಲ್ಲಿಯೂ ಇಡಬೇಕು. ಹಿರಿಯರ ಮನೆಯ ಅಟ್ಟದಿಂದ ಇಂತಹ ಸಂಪುಟ ದಾನವಾಗಿ ಬಂದಾಗ, ಪ್ರತಿ ಮೊದಲೇ ಇದೆಯೆಂದು ಹಿಂದಿರುಗಿಸದೆ, ಯಾವ ಶಾಖೆಯಲ್ಲಿ ಅದು ಇಲ್ಲವೆಂದು ವಿಚಾರಿಸಿ ಅಲ್ಲಿಗೆ ಕಳುಹಿಸತಕ್ಕದ್ದು.