ಗ್ರಾಮಫೋನಿನ ಮುಳ್ಳೂ ಅನುರಣನೆಯ ನಿಯಮವೂ

ಉತ್ತಮ ದರ್ಜೆಯ ಟರ್ನ್‌ಟೇಬಲ್ ಒಂದು ನಲವತ್ತು ಐವತ್ತು ವರ್ಷ ಬಾಳಬಲ್ಲುದು. ಅದರ ವಜ್ರದ ಮುಳ್ಳಿಗೆ ಅಷ್ಟು ಆಯುಸ್ಸಿಲ್ಲ. ಕೆಲವು ನೂರು ಗಂಟೆಗಳ ವಾದನದಲ್ಲಿಯೇ ಅದು ಸವೆಯುತ್ತದೆ. ಸವೆದ ಮುಳ್ಳು ಕೊರೆದು ಕೆಡಿಸಿದ ಗೆರೆಯನ್ನು ಮತ್ತೆ ಸರಿಪಡಿಸುವ ಉಪಾಯವಿಲ್ಲ. ಆದುದರಿಂದ ಮುಳ್ಳನ್ನು ಹೊತ್ತ ಕಾರ್ಟ್ರಿಜ್ಜನ್ನು ಬದಲಾಯಿಸುವ ಸಂದರ್ಭ ಒಂದಲ್ಲ ಒಂದು ದಿನ ಒದಗಿಯೇ ತೀರುತ್ತದೆ. ಆಗ ಬಹುಮಂದಿ ಬೆಲೆಯನ್ನೂ ಹೆಸರನ್ನೂ ನೋಡುತ್ತಾರೆ. ಅದನ್ನು ಯಾವ ತೋಳಿಗೆ ಜೋಡಿಸತಕ್ಕದ್ದು ಎಂದು ಮೊದಲು ಕೇಳುವವರು ವಿರಳ.

ಒಂದು ಉದಾಹರಣೆಯನ್ನು ನೋಡೋಣ. ಇಂಗ್ಲೆಂಡಿನ ಎಸ್.ಎಂ.ಇ. ಕಂಪನಿಯ 3009 ಎಂಬ ಹಗುರವಾದ ತೋಳಿಗೆ ಅಮೆರಿಕದ ಶೂರ್ ಕಂಪನಿಯ ವಿ-15 ಕಾರ್ಟ್ರಿಜ್ಜನ್ನು ಜೋಡಿಸುವುದು 1970ರ ದಶಕದಲ್ಲಿ ಪ್ರಸಿದ್ಧವಾದ ರೂಢಿ. ಶೂರ್ ಕಂಪನಿ 2018ರಲ್ಲಿ ಕಾರ್ಟ್ರಿಜ್ ತಯಾರಿಕೆಯನ್ನೇ ನಿಲ್ಲಿಸಿತು. ಅಂಥ ಯಂತ್ರವುಳ್ಳವನೊಬ್ಬ ಅದರ ಬದಲು ಜಪಾನಿನ ಡೆನಾನ್ ಡಿ.ಎಲ್.-103ನ್ನು ಕೊಳ್ಳಲೆಣಿಸುತ್ತಾನೆಂದು ಭಾವಿಸಿ. 1960ರ ದಶಕದಲ್ಲಿ ಜಪಾನಿನ ಆಕಾಶವಾಣಿ ಕೇಂದ್ರಗಳಿಗಾಗಿ ರೂಪುಗೊಂಡ ಈ ಕಾರ್ಟ್ರಿಜ್ಜಿನ ಕೀರ್ತಿ ದೊಡ್ಡದು. ಅವನ ಆಯ್ಕೆ ಸರಿಯೇ?

ಕಾರ್ಟ್ರಿಜ್ಜಿನೊಳಗೆ ಒಂದು ಸೂಕ್ಷ್ಮವಾದ ಕಡ್ಡಿಯಿದೆ. ಅದರ ಒಂದು ತುದಿಯಲ್ಲಿ ವಜ್ರ. ಇನ್ನೊಂದು ತುದಿಯನ್ನು ರಬ್ಬರಿನ ಚೂರೊಂದು ಹಿಡಿದುಕೊಂಡಿದೆ. ಈ ರಬ್ಬರು ಸ್ಪ್ರಿಂಗಿನಂತೆ. ಅದರ ಮೇಲೆ ಕಾರ್ಟ್ರಿಜ್ಜೂ ತೋಳೂ ಸೇರಿ ಭಾರವಾಗಿ ಕುಳಿತಿವೆ. ಪ್ರಯೋಗಶಾಲೆಯಲ್ಲಿ ಸ್ಪ್ರಿಂಗಿಗೆ ತೂಕದ ಕಲ್ಲನ್ನು ತೂಗುಬಿಟ್ಟು ಆಂದೋಲನಕಾಲವನ್ನು ಅಳೆದವರಿಗೆ ಇದು ಹೊಸದಲ್ಲ. ಸ್ಪ್ರಿಂಗಿಗೆ ತೂಕ ಸೇರಿದೊಡನೆ ಒಂದು ಸ್ವಾಭಾವಿಕ ಆವರ್ತಾಂಕ ಹುಟ್ಟುತ್ತದೆ; ಹೊರಗಿನ ಕಂಪನ ಅದಕ್ಕೆ ಸಮನಾದಾಗ ಅನುರಣನೆಯುಂಟಾಗಿ ತೂಗಾಟ ಬೆಳೆಯುತ್ತದೆ.

ಈ ಆವರ್ತಾಂಕ ಎಲ್ಲಿರಬೇಕು? ಬಾಗಿದ ತಟ್ಟೆಯೊಂದು ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. ಅದರಲ್ಲಿ ಆರು ಉಬ್ಬುಗಳಿದ್ದರೆ ಮುಳ್ಳು ಸೆಕೆಂಡಿಗೆ ಸುಮಾರು 3.3 ಬಾರಿ ಏರಿಳಿಯುತ್ತದೆ. ಇತ್ತ ಕಿವಿಗೆ ಕೇಳುವ ಸಂಗೀತ 20 ಹರ್ಟ್ಸ್‌ನಿಂದ ಮೇಲಕ್ಕೆ. ಈ ಎರಡರ ನಡುವಣ ಬಯಲಿನಲ್ಲಿ, 8ರಿಂದ 12 ಹರ್ಟ್ಸ್‌ಗಳೊಳಗೆ, ಅನುರಣನೆ ಬಿದ್ದರೆ ಕ್ಷೇಮ. ಅದಕ್ಕಿಂತ ಕೆಳಗಾದರೆ ಬಾಗಿದ ತಟ್ಟೆಯ ಮೇಲೆ ತೋಳು ಕುಣಿಯುತ್ತದೆ. ಮೇಲಾದರೆ ಮಂದ್ರಸ್ವರಗಳು ಕಲಕಿಹೋಗುತ್ತವೆ.

ಲೆಕ್ಕಕ್ಕೆ ಎರಡು ಸಂಖ್ಯೆಗಳು ಸಾಕು. ಮೊದಲನೆಯದು ಮುಳ್ಳಿನ ಸ್ಥಾನದಲ್ಲಿ ತೋರುವ ಒಟ್ಟು ದ್ರವ್ಯರಾಶಿ. ಇದು ತೋಳನ್ನು ತಕ್ಕಡಿಯಲ್ಲಿಟ್ಟು ಪಡೆದ ತೂಕವಲ್ಲ. ಜಡತ್ವದಲ್ಲಿ ಕೀಲಿನಿಂದಿರುವ ದೂರದ ವರ್ಗ ಸೇರುವುದರಿಂದ, ಹಿಂಬದಿಯ ಭಾರವಾದ ಗುಂಡು ಕೀಲಿನ ಬಳಿಯಿದ್ದರೆ ಅದರ ಪಾಲು ಅಲ್ಪ. ಎರಡನೆಯದು ನಮ್ಯತೆ: ಒಂದು ಡೈನ್ ಬಲಕ್ಕೆ ಮುಳ್ಳು ಎಷ್ಟು ಸರಿಯುತ್ತದೆ ಎಂಬುದು, ಇದರ ಏಕಮಾನ ಸೆಂಟಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ಗ್ರಾಮುಗಳಲ್ಲಿನ ದ್ರವ್ಯರಾಶಿಯನ್ನು ನಮ್ಯತೆಯಿಂದ ಗುಣಿಸಿ, ಲಬ್ಧದ ವರ್ಗಮೂಲದಿಂದ 159ನ್ನು ಭಾಗಿಸಿದರೆ ಆವರ್ತಾಂಕ ಹರ್ಟ್ಸ್‌ಗಳಲ್ಲಿ ಬರುತ್ತದೆ.

3009ರ ಸುಧಾರಿತ, ತಲೆ ಬೇರ್ಪಡದ ಮಾದರಿಯಲ್ಲಿ ತೋಳಿನ ಪಾಲು ಸುಮಾರು 6.5 ಗ್ರಾಂ. ಅದಕ್ಕೆ 6 ಗ್ರಾಂ ತೂಕದ, 30 ನಮ್ಯತೆಯ ಮೃದುವಾದ ಕಾರ್ಟ್ರಿಜ್ಜನ್ನು ಕಟ್ಟಿದೆವೆನ್ನಿ. 12.5ನ್ನು 30ರಿಂದ ಗುಣಿಸಿದರೆ 375, ಉತ್ತರ 8.2 ಹರ್ಟ್ಸ್. ಸರಿಯಾಗಿದೆ. ಈಗ ಡಿ.ಎಲ್.-103: ತೂಕ 8.5 ಗ್ರಾಂ, ನಮ್ಯತೆ 5. ಗುಣಲಬ್ಧ 75, ಉತ್ತರ 18.4 ಹರ್ಟ್ಸ್!

ಇಲ್ಲಿ ವಿದ್ಯಾರ್ಥಿಗಳು ಎಡವುವ ಸ್ಥಳವೊಂದುಂಟು. ಜಪಾನಿನ ತಯಾರಕರು ನಮ್ಯತೆಯನ್ನು ಸಾಮಾನ್ಯವಾಗಿ 100 ಹರ್ಟ್ಸ್‌ನಲ್ಲಿ ಅಳೆದು ಹೇಳುತ್ತಾರೆ. ವೇಗವಾಗಿ ಅಲುಗಿಸಿದಾಗ ರಬ್ಬರು ಬಿರುಸಾಗುತ್ತದೆ. 10 ಹರ್ಟ್ಸ್‌ನಲ್ಲಿ ಅದೇ ರಬ್ಬರಿನ ನಮ್ಯತೆ ಒಂದೂವರೆಯಿಂದ ಎರಡು ಪಟ್ಟು ಇರಬಹುದು. ಹಾಗೆ ತಿದ್ದಿದರೆ ಉತ್ತರ 13ರಿಂದ 15 ಹರ್ಟ್ಸ್. ಅನಾಹುತವಲ್ಲ, ಆದರೆ ಒಳ್ಳೆಯ ಜೋಡಿಯೂ ಅಲ್ಲ. ತಲೆಯ ಬಳಿ 10 ಗ್ರಾಂ ಲೋಹದ ತಟ್ಟೆಯನ್ನು ಸೇರಿಸಿದರೆ 10ರಿಂದ 12 ಹರ್ಟ್ಸ್‌ಗೆ ಇಳಿಯುತ್ತದೆ. ಆ ಭಾರವನ್ನು ಸರಿದೂಗಿಸುವ ಶಕ್ತಿ ಹಿಂಬದಿಯ ಗುಂಡಿಗಿರಬೇಕು, ಅಷ್ಟೆ. ಇಷ್ಟು ನವಿರಾದ ತೋಳಿಗೆ ಭಾರ ಹೇರುವುದು ನನಗಂತೂ ರುಚಿಸದು.

ಇನ್ನೊಂದು ತೊಡಕು ವಿದ್ಯುತ್ತಿನದು. ಶೂರ್ ಬಗೆಯಲ್ಲಿ ಅಯಸ್ಕಾಂತ ಚಲಿಸುತ್ತದೆ, ಸುರುಳಿ ಸ್ಥಿರ. ಸುತ್ತುಗಳು ಎಷ್ಟಾದರೂ ಇರಬಹುದು. ಡೆನಾನ್ ಬಗೆಯಲ್ಲಿ ಸುರುಳಿಯೇ ಚಲಿಸಬೇಕಾದುದರಿಂದ ಅದು ಹಗುರವಾಗಿರಬೇಕು, ಸುತ್ತುಗಳು ಕಡಮೆ. ಫ್ಯಾರಡೆಯ ನಿಯಮದಂತೆ ವೋಲ್ಟೇಜೂ ಕಡಮೆ: ಮೊದಲನೆಯದಕ್ಕೆ ಕೆಲವು ಮಿಲಿವೋಲ್ಟುಗಳಾದರೆ ಇದಕ್ಕೆ 0.3 ಮಾತ್ರ. ಹತ್ತು ಪಟ್ಟು ಹೆಚ್ಚಿಸುವ ಟ್ರಾನ್ಸ್‌ಫಾರ್ಮರನ್ನೋ ಬೇರೆ ವರ್ಧಕವನ್ನೋ ಕೊಳ್ಳಬೇಕು. ಮುಳ್ಳಿನ ಭಾರವೂ ಬೇರೆ: ಡಿ.ಎಲ್.-103ಕ್ಕೆ 2.5 ಗ್ರಾಂ, ವಿ-15ರ ಮೂರನೆಯ ಮಾದರಿಗೆ 0.75ರಿಂದ 1.25. ಹಗುರವಾದಷ್ಟೂ ತಟ್ಟೆಗೆ ಹಿತವೆಂದು ಭಾರವನ್ನು ಇಳಿಸುವವರಿದ್ದಾರೆ, ಅದು ತಪ್ಪು. ಗೆರೆಯ ಗೋಡೆಯನ್ನು ಬಿಟ್ಟು ಎಗರಿ ಮತ್ತೆ ಬಡಿಯುವ ಮುಳ್ಳು ನಿಗದಿಯಾದ ಭಾರಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ.

ಹಾಗಾದರೆ ನಮ್ಮ ಗೆಳೆಯನೇನು ಮಾಡಬೇಕು? ಹಳೆಯ ಕಾರ್ಟ್ರಿಜ್ಜಿನ ಸುರುಳಿಗಳು ಕೆಡದಿದ್ದರೆ ಅದನ್ನು ಎಸೆಯಬೇಕಾಗಿಯೇ ಇಲ್ಲ. ಚಲಿಸುವ ಅಯಸ್ಕಾಂತದ ಬಗೆಯಲ್ಲಿ ಮುಳ್ಳಿನ ಭಾಗವನ್ನು ಕೈಯಿಂದಲೇ ಎಳೆದು ಹೊಸದನ್ನು ಸಿಕ್ಕಿಸಬಹುದು. ಜಪಾನಿನ ಜಿಕೋ ಸಂಸ್ಥೆ ಶೂರ್ ಕಾರ್ಟ್ರಿಜ್ಜುಗಳಿಗೆ ಒಪ್ಪುವ ಮುಳ್ಳುಗಳನ್ನು ತಯಾರಿಸಿದೆ. ಅದಾಗದಿದ್ದಲ್ಲಿ ಹಗುರವೂ ಮೃದುವೂ ಆದ ಬೇರೊಂದನ್ನು ಹುಡುಕಲಿ. ಜೋಡಿಸಿದ ಮೇಲೆ, 5ರಿಂದ 20 ಹರ್ಟ್ಸ್‌ವರೆಗಿನ ನಾದಗಳುಳ್ಳ ಪರೀಕ್ಷಾ ತಟ್ಟೆಯೊಂದನ್ನು ನುಡಿಸಿ, ಕಿವಿಗೊಡುವ ಬದಲು ಕಣ್ಣಿಟ್ಟು ನೋಡಬೇಕು: ಯಾವ ಅಂಕಿಯಲ್ಲಿ ತೋಳಿನ ತಲೆ ಎಲ್ಲಕ್ಕಿಂತ ಹೆಚ್ಚಾಗಿ ನಡುಗುತ್ತದೆಯೋ ಅದೇ ಆ ಜೋಡಿಯ ನಿಜವಾದ ಆವರ್ತಾಂಕ.