ಹಸುಗೂಸಿನ ನಂಜು: ಮೊದಲ ಗುರುತುಗಳು

ಹುಟ್ಟಿದ ಮೊದಲ 28 ದಿನಗಳಲ್ಲಿ ರೋಗಾಣುಗಳು ಶಿಶುವಿನ ರಕ್ತವನ್ನು ಸೇರಿದರೆ ಅದಕ್ಕೆ ನಂಜು ಎನ್ನುತ್ತಾರೆ. ದೊಡ್ಡವರಿಗೆ ನಂಜೇರಿದರೆ ಮೈ ಕಾಯುತ್ತದೆ, ನರಳುತ್ತಾರೆ. ಹಸುಗೂಸು ಅನೇಕ ವೇಳೆ ಅಳುವುದನ್ನೇ ಬಿಟ್ಟು ಸುಮ್ಮನಾಗುತ್ತದೆ.

ಕೃಷ್ಣರಾಜಪೇಟೆ ತಾಲ್ಲೂಕಿನ ಹಳ್ಳಿಯೊಂದರಿಂದ ನಾಲ್ಕು ದಿನದ ಕೂಸನ್ನು ನನ್ನಲ್ಲಿಗೆ ತಂದಿದ್ದರು. “ರಾತ್ರಿಯೆಲ್ಲ ಅಳ್ನಿಲ್ಲ ಸ್ವಾಮಿ, ಬಲು ಒಳ್ಳೆ ಕೂಸು ಅಂದ್ಕಂಡೊ” ಎಂದರು ಅಜ್ಜಿ. ಹಿಂದಿನ ಸಂಜೆಯಿಂದ ಅದು ಮೊಲೆ ಹಿಡಿದಿರಲಿಲ್ಲ. ಅಂಗಾಲು ತಣ್ಣಗಿತ್ತು. ಹೊಕ್ಕುಳಿಗೆ ಹರಳೆಣ್ಣೆ, ಬೂದಿ ಮೆತ್ತಿದ್ದರು. ಸುತ್ತಲಿನ ಚರ್ಮ ಕೆಂಪೇರಿತ್ತು. ಮೊದಲ ಚುಚ್ಚುಮದ್ದು ಕೊಟ್ಟು ಮಂಡ್ಯಕ್ಕೆ ಕಳುಹಿಸಿದೆವು. ಕೂಸು ಉಳಿಯಿತು. ಇನ್ನೊಂದು ರಾತ್ರಿ ಕಾದಿದ್ದರೆ ಉಳಿಯುತ್ತಿತ್ತೆಂದು ನಾನು ಹೇಳಲಾರೆ.

ಚೆನ್ನಾಗಿ ಚೀಪುತ್ತಿದ್ದ ಕೂಸು ಮೊಲೆ ಬಿಟ್ಟರೆ ಅದೇ ದೊಡ್ಡ ಗುರುತು. ಮುಟ್ಟಿ ಎಬ್ಬಿಸಿದರೆ ಮಾತ್ರ ಕೈಕಾಲು ಆಡಿಸುವುದು, ಸೆಳವು, ಹೊಕ್ಕುಳಲ್ಲಿ ಕೀವು, ಅಂಗೈ ಅಂಗಾಲು ಹಳದಿಯಾಗುವುದು ಸಹ ಅಪಾಯವೇ. ಕೂಸು ನಿದ್ರಿಸುವಾಗ ಗಡಿಯಾರ ನೋಡಿ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿರಿ. ಎರಡು ಬಾರಿ ಎಣಿಸಿದರೂ 60 ಅಥವಾ ಹೆಚ್ಚು ಬಂದರೆ, ಇಲ್ಲವೇ ಪಕ್ಕೆಯ ಕೆಳಗೆ ಗುಳಿ ಬಿದ್ದರೆ ತಡಮಾಡಕೂಡದು. ಈ ಎಣಿಕೆಯನ್ನು ತಂದೆಯೇ ಮಾಡಲಿ. ಬಾಣಂತಿಯ ಕೋಣೆಗೆ ಗಂಡಸು ಹೋಗಬಾರದೆಂಬ ಮಾತು ಇಲ್ಲಿ ಬೇಡ. ಮೈಶಾಖ 37.5 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೂ, 35.5ಕ್ಕಿಂತ ಇಳಿದರೂ ಆಸ್ಪತ್ರೆಗೆ ತರಬೇಕು.

ನೀರೊಡೆದು 18 ಗಂಟೆ ಕಳೆದ ಮೇಲೆ ಹೆರಿಗೆಯಾಗಿದ್ದರೆ, ದಿನ ತುಂಬದೆ ಹುಟ್ಟಿದ್ದರೆ, ತೂಕ ಎರಡೂವರೆ ಕಿಲೋಗ್ರಾಂಗಿಂತ ಕಡಿಮೆಯಿದ್ದರೆ ಹೆಚ್ಚಿನ ನಿಗಾ ಅಗತ್ಯ. ಹೊಕ್ಕುಳನ್ನು ಒಣಗಿರಲು ಬಿಡಿರಿ. ಬಜೆ, ಜೇನು, ಸಕ್ಕರೆ ನೀರನ್ನು ಬಾಯಿಗೆ ಹಾಕಕೂಡದು. ದೃಷ್ಟಿ ತೆಗೆಯಬೇಡಿರೆಂದು ನಾನು ಹೇಳುವುದಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ತೆಗೆಯಿರಿ.

ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಬರುತ್ತಾರೆ. ಬಾಣಂತಿ ತವರಿಗೆ ಹೋದರೆ ಆ ಊರಿನ ಆಶಾಗೆ ತಿಳಿಸಿರಿ. ಗುರುತು ಕಂಡೊಡನೆ 108ಕ್ಕೆ ಕರೆ ಮಾಡಿರಿ. 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಹಸುಗೂಸಿನ ಚಿಕಿತ್ಸೆಯೂ ಪ್ರಯಾಣವೂ ಉಚಿತ. ಮೊದಲ ಚುಚ್ಚುಮದ್ದು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲೇ ಆಗಲಿ. ಅಲ್ಲಿಂದ ಮುಂದೆ ಶ್ರೀರಂಗಪಟ್ಟಣದವರಿಗೆ ಮೈಸೂರಿನ ಚೆಲುವಾಂಬ ಆಸ್ಪತ್ರೆ ಸಮೀಪ. ಪಾಂಡವಪುರ, ನಾಗಮಂಗಲದವರು ಮಂಡ್ಯಕ್ಕೂ ಹೋಗಬಹುದು. ದಾರಿಯುದ್ದಕ್ಕೂ ಕೂಸನ್ನು ತಾಯಿಯ ಎದೆಗೆ ಅಪ್ಪಿಸಿ, ಮೇಲೆ ಹೊದಿಸಿ, ತಲೆಗೆ ಕುಲಾವಿ ಹಾಕಿರಿ. ತಾಯಿ ಕಾರ್ಡನ್ನು ಮರೆಯದೆ ತನ್ನಿರಿ.